ಏಳು ಸೆಕೆಂಡಿನ ಗುಂಡಿ

ಮಾರ್ಚ್ ೪, ಬೆಳಿಗ್ಗೆ

ಕ್ಲಾಸಿನ ಸ್ಪೀಕರ್ ಕೊನೆಗೂ ಕೈಕೊಟ್ಟಿತು. ನಿಮಿಷಕ್ಕೆ ನೂರು ಪದದ ವೇಗದ ಡಿಕ್ಟೇಷನ್ ಅರ್ಧಕ್ಕೆ ಬಂದಿತ್ತು — ಗೊರಗೊರ ಅಂದು ಸುಮ್ಮನಾಯಿತು. ಆರು ಜನ ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದರು. ಪರೀಕ್ಷೆಗೆ ಎರಡು ತಿಂಗಳೂ ಇಲ್ಲ. ಉಳಿದದ್ದನ್ನು ನಾನೇ ಓದಿ ಮುಗಿಸಿದೆ. ನನ್ನ ಓದು ಕೆಟ್ಟದ್ದು, ಗೊತ್ತು. ಒಂದು ಸಾಲು ಓಡುತ್ತೇನೆ, ಒಂದು ಸಾಲು ತೆವಳುತ್ತೇನೆ. ನಮ್ಮ ಮನೆಯವರ ಹಾಗೆ ಗಡಿಯಾರ ನುಂಗಿದವರಂತೆ ಓದಲು ನನ್ನಿಂದಾಗದು.

ಅವರು ಹೋಗಿ ಹನ್ನೊಂದು ವರ್ಷ. ಶೀಘ್ರಲಿಪಿ ಕ್ಲಾಸು ಇವತ್ತಿಗೂ ನಡೆಯುವುದು ಅವರ ಕ್ಯಾಸೆಟ್ಟುಗಳ ಮೇಲೆ. “ಭಾವ ಪಾಠ ಮಾಡ್ತಾರೆ, ನೀನು ಫೀಸ್ ತಗೋತೀಯ” ಅಂತ ತಂಗಿಯ ತಮಾಷೆ. ನಗುತ್ತೇನೆ. ಒಳಗೊಳಗೆ ಉರಿಯುತ್ತದೆ.

ಮಾರ್ಚ್ ೯

ತಂಗಿಯ ಜೊತೆ ಅಂಗಡಿಗೆ. ಕ್ಯಾಸೆಟ್ಟುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿದ್ದಾಳೆ. ಬಜೆಟ್ ಹತ್ತು ಸಾವಿರ, ಒಂದು ಪೈಸೆ ಮೇಲಿಲ್ಲ. ಅಂಗಡಿಯವನಿಗೆ ಢಂಢಂ ಅಂತ ಹೆಸರಿಟ್ಟೆವು. ಏನು ಕೇಳಿದರೂ ಬೀರುವಿನಷ್ಟು ಎತ್ತರದ ಕರಿ ಪೆಟ್ಟಿಗೆಗಳ ಮುಂದೆಯೇ ತಂದು ನಿಲ್ಲಿಸುತ್ತಾನೆ.

“ಟೀಚರಮ್ಮ, ಬಾಸ್ ನೋಡಿ. ಎದೆ ನಡುಗ್ಬೇಕು!”

“ನನ್ನೆದೆ ಹಾಗೇ ನಡುಗುತ್ತೆ ಕಣಪ್ಪ. ನಂಗೆ ಮಾತು ಬಿಡಿಸಿ ಕೇಳ್ಬೇಕು, ಅಷ್ಟೆ.”

ಮುಖ ಸಣ್ಣ ಮಾಡಿಕೊಂಡು ಶೆಲ್ಫಿನಿಂದ ಒಂದು ಜೊತೆ ಮರದ ಸ್ಪೀಕರ್ ಇಳಿಸಿದ. ಎರಡು ನಿಘಂಟಿನಷ್ಟು ಗಾತ್ರ. “ಇದ್ರಲ್ಲಿ ಬಾಸ್ ಇಲ್ಲ. ಆದ್ರೆ ಇರೋದನ್ನ ಮುಚ್ಚಿಡಲ್ಲ.”

ಅವರು ಹೋದ ವರ್ಷದ ಆಗಸ್ಟ್ ಹನ್ನೆರಡರದ್ದು, ೧೨-೮ರ ಕ್ಯಾಸೆಟ್ ಹಾಕಿಸಿದೆ. ‘ಮಾನ್ಯ ಅಧ್ಯಕ್ಷರೇ, ಕುಡಿಯುವ ನೀರಿನ ಕೊಳವೆಗಳ ದುರಸ್ತಿಯ ವಿಷಯದಲ್ಲಿ…’ ಕೈ ತಾನಾಗಿ ಸೀರೆಯ ಮೇಲೆ ಬರೆಯತೊಡಗಿತು. ಅವರು ನನ್ನ ಪಕ್ಕದಲ್ಲೇ ನಿಂತು ಓದುತ್ತಿದ್ದ ಹಾಗಿತ್ತು. ನಾಲಿಗೆ ಅಂಗುಳಿಗೆ ತಾಗುವ ಸದ್ದು ಕೂಡ ಕೇಳಿಸಿತು. ಅವರ ಹಿಂದೆ, ದೂರದಲ್ಲಿ — ಟಕಟಕ, ಟಕಟಕ, ಟಿಣ್.

ಟೈಪ್‌ರೈಟರ್. ನಾನು! ಆಗೆಲ್ಲ ಒಳಕೋಣೆಯಲ್ಲಿ ಕೂತು ವಕೀಲರ ಕಾಗದ ಟೈಪ್ ಮಾಡಿ ಕೊಡುತ್ತಿದ್ದೆ. ಹಳೆಯ ಪೆಟ್ಟಿಗೆಯಲ್ಲಿ ಇದು ಒಂದು ದಿನವೂ ಕೇಳಿಸಿರಲಿಲ್ಲ. ಬಹಳ ಖುಷಿಯಾಯಿತು. ತಂಗಿಯ ಕೈ ಹಿಸುಕಿದೆ. ಅಷ್ಟರಲ್ಲಿ ಯಾರೋ ವೈರ್ ಕೇಳುತ್ತ ಬಂದರು, ಢಂಢಂ ಆರಿಸಿಬಿಟ್ಟ.

ಮಾರ್ಚ್ ೧೨, ಮಧ್ಯಾಹ್ನ

ಇವತ್ತು ಅಂಗಡಿಗೆ ಒಬ್ಬಳೇ ಹೋದೆ. ಹೋಗಬಾರದಿತ್ತು.

ಆ ಕ್ಯಾಸೆಟ್ಟಿನಲ್ಲಿ ನಾಲ್ಕನೇ ನಿಮಿಷಕ್ಕೆ ಒಂದು ಖಾಲಿ ಜಾಗ ಇದೆ. ಏಳು ಸೆಕೆಂಡು. ಟೇಪು ಹಾಳಾಗಿದೆ ಅಂದುಕೊಂಡಿದ್ದೆ. ಅವರು ಡಿಕ್ಟೇಷನ್ ನಡುವೆ ನಿಲ್ಲಿಸುವವರೇ ಅಲ್ಲ, ಒಂದು ಪದ ತಡವರಿಸಿದರೂ ಹಿಂದಕ್ಕೆ ಸುತ್ತಿ ಮೊದಲಿನಿಂದ ಓದುತ್ತಿದ್ದರು. ಹುಡುಗಿಯರು ಅದಕ್ಕೆ ‘ಗುಂಡಿ’ ಅಂತ ಹೆಸರಿಟ್ಟರು. ನಾನೂ ಅದನ್ನೇ ಹೇಳಿಕೊಡುತ್ತ ಬಂದೆ. “ಗುಂಡಿ ಬಂತು, ಪೆನ್ಸಿಲ್ ಎತ್ತಿ, ಉಸಿರು ತಗೊಳ್ಳಿ.” ಹನ್ನೊಂದು ವರ್ಷ. ಎಷ್ಟು ಬ್ಯಾಚು!

ಗುಂಡಿ ಖಾಲಿಯಿಲ್ಲ. ಅದರೊಳಗೆ ಅವರಿದ್ದಾರೆ.

“ಏನೇ… ಸ್ವಲ್ಪ ಬಾರೇ ಇಲ್ಲಿ.”

ಓದುವ ದನಿಯಲ್ಲ. ಎದೆಯ ಮೇಲೆ ಯಾರೋ ಕೂತಿರುವಾಗ ಬರುವ ದನಿ. ಆಮೇಲೆ ಒಂದು ಉದ್ದನೆಯ ಉಸಿರು. ಆಮೇಲೆ — ‘ಸದರಿ ಕೊಳವೆಗಳ ಬದಲಾವಣೆಗೆ ತಗಲುವ ವೆಚ್ಚವು…’ ಅದೇ ನೂರರ ವೇಗ. ಒಂದು ಅಕ್ಷರ ಹಿಂದೆ ಮುಂದೆ ಇಲ್ಲ.

ಢಂಢಂ ನೀರು ತಂದುಕೊಟ್ಟ. “ಏನಾಯ್ತು ಟೀಚರಮ್ಮ? ಬೇರೆ ಜೊತೆ ತೋರಿಸ್ಲಾ?”

ಅದೇ ದಿನ, ಸಂಜೆ

ತಲೆ ನಿಲ್ಲುತ್ತಿಲ್ಲ. ಆ ಆಗಸ್ಟ್ ೧೨ಕ್ಕೆ ರೆಕಾರ್ಡಿಂಗ್. ೨೧ಕ್ಕೆ ಕ್ಲಾಸಿನಲ್ಲೇ ಕುಸಿದರು. ಡಾಕ್ಟರ್ ಕೇಳಿದ್ದರು, “ಮುಂಚೆ ನೋವು ಗೀವು ಅಂತ ಏನಾದ್ರೂ ಹೇಳಿದ್ರಾಮ್ಮ?” ಇಲ್ಲ ಅಂದೆ. ಒಂದು ಮಾತೂ ಹೇಳಲಿಲ್ಲ ಅಂದೆ. ನೆಂಟರಿಷ್ಟರಿಗೂ ಹಾಗೇ ಹೇಳಿದೆ. ಆ ಸಿಟ್ಟೇ ನನ್ನನ್ನು ಇಷ್ಟು ವರ್ಷ ಎತ್ತಿ ನಿಲ್ಲಿಸಿದ್ದು. ನನಗೊಂದು ಮಾತು ಹೇಳದೆ ಹೋದ ಮನುಷ್ಯ, ಅಂತ ದಿನಾ ಮನಸ್ಸಿನಲ್ಲೇ ಬೈದುಕೊಂಡು ಬಾಗಿಲು ತೆಗೆಯುತ್ತಿದ್ದೆ.

ಕರೆದಿದ್ದರು.

ಆದರೆ ಟೈಪ್ ಸದ್ದು ಇತ್ತಲ್ಲ. ಆ ಮೆಷಿನ್ ಮುಂದೆ ಕೂತರೆ ಬಾಗಿಲು ಬಡಿದರೂ ಕೇಳಿಸುತ್ತಿರಲಿಲ್ಲ. ನನಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸಿರಲಿಲ್ಲ.

ಮಾರ್ಚ್ ೨೩

ಹತ್ತು ದಿನ ಏನೂ ಬರೆಯಲಿಲ್ಲ. ಕ್ಲಾಸಿನಲ್ಲಿ ನಾನೇ ಓದಿದೆ. ಗಂಟಲು ಹೋಯಿತು.

ತಂಗಿಗೆ ಎಲ್ಲ ಹೇಳಿದೆ. ಅವಳು ಪಕ್ಕಕ್ಕೆ ಬಂದು ಕೂತಳು. ಆಮೇಲೆ, “ಅಕ್ಕ, ಆ ಕರಿ ಪೆಟ್ಟಿಗೇನೇ ತಗೊಳ್ಳೋಣ. ಅದ್ರಲ್ಲಿ ಭಾವನ ಪಾಠ ಬಿಟ್ರೆ ಇನ್ನೇನೂ ಕೇಳ್ಸಲ್ಲ.”

“ನಂಗೆ ಕೇಳ್ಬೇಕು.”

“ಏನು ಕೇಳ್ಬೇಕೇ ನಿಂಗೆ?”

“ಟೈಪ್ ಸದ್ದು. ಅವ್ರು ಕರೆದಾಗ್ಲೂ ಅದು ನಿಂತಿರ್ಲಿಲ್ಲ ಅಂತ.”

ಮರದ ಜೊತೆಯನ್ನೇ ತಂದೆವು.

ಮಾರ್ಚ್ ೨೭

ಡಬ್ಬ ಇನ್ನೂ ಒಡೆದಿಲ್ಲ. ಅದರ ಮೇಲೆ ಇಸ್ತ್ರಿ ಬಟ್ಟೆ ಇಟ್ಟಿದ್ದೇನೆ, ಸ್ಟೂಲು ಅನ್ನುವ ಹಾಗೆ. ನನ್ನ ಹೆದರಿಕೆ ನನಗೇ ನಗೆಪಾಟಲು. ಅಂಗಡಿಯಲ್ಲಿ ಕೇಳಿದಾಗ ಟೈಪ್ ಸದ್ದು ಇತ್ತೋ ಇಲ್ಲವೋ… ಎಷ್ಟು ನೆನಪಿಸಿಕೊಂಡರೂ ಅವರ ದನಿಯೊಂದೇ ಬರುತ್ತದೆ.

ಮಾರ್ಚ್ ೨೮, ಬೆಳಿಗ್ಗೆ ಹತ್ತೂವರೆ

ತಂಗಿಯೇ ಬಂದು ವೈರ್ ಜೋಡಿಸಿದಳು. ೧೨-೮ ಬೇಡ ಅನ್ನುವ ಮುಂಚೆ ಆರು ಜನರಲ್ಲೊಬ್ಬಳು, ಬ್ಯಾಂಕಿನವಳು, ಅದನ್ನೇ ಹಾಕಿದಳು. ಬ್ಯಾಂಕಿನ ಕೌಂಟರ್ ಬಿಟ್ಟು ಕೋರ್ಟಿನಲ್ಲಿ ಸ್ಟೆನೋ ಆಗಬೇಕು ಅಂತ ಹಟ ಹಿಡಿದಿರುವ ಹೆಣ್ಣು. ಚುರುಕು ಕಿವಿ. ನಾನು ಎದ್ದು ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮುಗಿದ ಮೇಲೆ ಬಾಗಿಲಿಗೆ ಬಂದಳು. “ಟೀಚರ್, ಗುಂಡಿಯೊಳಗೆ ಇಬ್ರು ಮಾತಾಡ್ತಾರೆ. ಬರ್ಕೊಂಡ್ವಿ. ಅದೂ ಲೆಕ್ಕಕ್ಕೆ ಬರುತ್ತಾ?”

“ಇಬ್ರಾ?”

“ಸರ್ ಕರೀತಾರೆ. ಟೈಪಿಂಗ್ ನಿಲ್ಲುತ್ತೆ. ಒಳಗಿಂದ ಯಾರೋ ‘ಬಂದೆ’ ಅಂತಾರೆ. ಆಮೇಲೆ ಮತ್ತೆ ಟೈಪಿಂಗ್.”

ನಲ್ಲಿ ನಿಲ್ಲಿಸಿದೆ. ಏನೋ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ.

ಅದೇ ದಿನ, ಮಧ್ಯಾಹ್ನ

ಪ್ರತಿಗಳನ್ನು ತಿದ್ದಲು ಕೂತೆ. ಶೀಘ್ರಲಿಪಿಯ ನಿಯಮ ಒಂದೇ, ಕೇಳಿದ್ದನ್ನು ಬರೆಯುವುದು. ಆರು ಪ್ರತಿಗಳಲ್ಲೂ ಅವರು ಕರೆದಿದ್ದಾರೆ. ಆರರಲ್ಲೂ ನಾನು ‘ಬಂದೆ’ ಅಂದಿದ್ದೇನೆ. ಒಂದು ತಪ್ಪಿಲ್ಲ, ಕೆಂಪು ಪೆನ್ನಿಗೆ ಕೆಲಸವಿಲ್ಲ.

ಅವತ್ತು ಏನು ಟೈಪ್ ಮಾಡುತ್ತಿದ್ದೆ? ಯಾವ ವಕೀಲರ ಕಾಗದ ಅಷ್ಟು ಅವಸರದ್ದು? ಒಂದೂ ನೆನಪಾಗುತ್ತಿಲ್ಲ. ಮೊದಲು ಇದೊಂದು ಪುಟ ಮುಗಿಸೋಣ ಅಂದುಕೊಂಡಿದ್ದಿರಬೇಕು. ಅವರು ಮತ್ತೆ ಕರೆಯಲಿಲ್ಲ. ಬಂದೆ ಅಂದಿದ್ದೆನಲ್ಲ, ಅದನ್ನೇ ನಂಬಿಕೊಂಡು, ಮೂರು ನಿಮಿಷದಷ್ಟು ಉಳಿದಿದ್ದ ಕೊಳವೆ ದುರಸ್ತಿಯನ್ನು ಓದುತ್ತ ಕಾದರು.

ಈಗ ಎದ್ದು, ಮೆಷಿನ್ ಇದ್ದ ಜಾಗದಿಂದ ಅವರ ಮೇಜಿನವರೆಗೆ ನಡೆದು ನೋಡಿದೆ. ಒಂಬತ್ತು ಹೆಜ್ಜೆ. ನಂಬಿಕೆ ಬರಲಿಲ್ಲ. ವಾಪಸ್ ಬಂದು ಮತ್ತೆ ನಡೆದೆ, ನಿಧಾನವಾಗಿ. ಒಂಬತ್ತೇ. ಏಳು ಸೆಕೆಂಡು ಕೂಡ ಬೇಡ, ಬರೀ ಐದು ಸಾಕು.