ಜೋಡಿ ಎಂದರೆ ಒಂದೇ ಆಳು

ಮನೆಯಿಂದ,
ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗನೇ,

ಹೇಗಿದ್ದೀಯಪ್ಪಾ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಕಾಲು ನೋಯುತ್ತಿಲ್ಲ ತಾನೇ? ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಕೆರೆದು ತಿನ್ನುವವನು ನೀನು, ನನಗೆ ಗೊತ್ತಿಲ್ಲವೇ. ಅಲೆ ಜೋರಾಗಿದ್ದಾಗ ಕುದಿಯುವ ಎಣ್ಣೆಯ ಹತ್ತಿರ ಹೋಗಬೇಡ. ನೀನು ಅಪ್ಪನಾದೆ ಕಣೋ! ಹೆಣ್ಣು ಮಗು! ಗಾಬರಿಯಾಗಬೇಡ, ಒಂದು ತಿಂಗಳು ಮೊದಲೇ ಬಂದರೂ ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದಾರೆ. ನಿಮ್ಮ ಆಫೀಸಿನವರು ಹಡಗಿಗೆ ಎರಡು ಸಾಲು ಸುದ್ದಿ ಕಳಿಸುತ್ತೇವೆ ಎಂದರು, ಆದರೆ ಎರಡು ಸಾಲಿನಲ್ಲಿ ಈ ಕಥೆ ಹಿಡಿಸುತ್ತದೆಯೇ? ಮುಂದಿನ ಬಂದರಿಗೆ ಹೋಗುವ ಟಪಾಲಿನಲ್ಲಿ ಇದನ್ನು ಹಾಕಿಸುತ್ತೇನೆ. ನಾಲ್ಕನೇ ಕ್ಲಾಸಿಗೇ ಬಿಟ್ಟ ಓದು ನನ್ನದು. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನೀನು ಹೋದ ಮೇಲೆ ನಮ್ಮ ಲಾಂಡ್ರಿಯಲ್ಲಿ ಫೋನಿನ ಡಾಕ್ಟರು ಅಂತ ಒಂದು ಶುರುವಾಯಿತು. ಮೇಸ್ತ್ರಿ ಟೀ ಕೆಟಲಿನ ಪಕ್ಕ ಒಂದು ಬಿ.ಪಿ. ಮೆಷಿನ್ ಇಟ್ಟ. ತೋಳಿಗೆ ಪಟ್ಟಿ ಸುತ್ತಿಕೊಂಡು, ಬಂದ ನಂಬರನ್ನು ಫೋನಿನಲ್ಲಿ ಕಳಿಸಿದರೆ ಸಾಕು, ಆ ಕಡೆಯ ನರ್ಸು ನಮ್ಮ ನಮ್ಮ ಭಾಷೆಯಲ್ಲೇ ಮಾತಾಡುತ್ತಾಳೆ. ಯಾರಾದರೂ ಮುಟ್ಟಿದರೆ ಕೇಳು! ನಮ್ಮಲ್ಲಿ ಐದಾರು ದೇಶದ ಹೆಂಗಸರಿದ್ದಾರಲ್ಲ, ಒಬ್ಬೊಬ್ಬರದೂ ಒಂದೊಂದು ತಕರಾರು. ಬಟ್ಟೆಯ ಕಲೆ ತೆಗೆಯುವ ಅಜ್ಜಿ, "ನಮ್ ಕಡೆ ನಾಡಿ ಹಿಡೀದೋರನ್ನ ಡಾಕ್ಟ್ರು ಅನ್ನಲ್ಲ. ಗಾಜಿನೊಳಗಿಂದ ನನ್ ಕೈ ಬಿಸಿ ಗೊತ್ತಾಗತ್ತಾ?" ಎಂದು ಮೂಗು ಮುರಿದಳು. ಗುಂಡಿ ಹೊಲಿಯುವವಳು ಗಂಡನನ್ನು ಕೇಳಬೇಕು, ಕೇಳಲು ಅವಳಿಗೆ ಭಯ. ಇನ್ನೊಬ್ಬಳು, "ನಂಬರ್ ಜಾಸ್ತಿ ಬಂದ್ರೆ ಮೇಸ್ತ್ರಿ ನಮ್ಮನ್ನ ಕೆಲಸದಿಂದ ತೆಗೀತಾನೆ, ನೋಡ್ತಿರಿ" ಎಂದಳು. ನನ್ನದಂತೂ ಕೇಳಲೇಬೇಡ. ಆ ಫೋನಿನ ಡಾಕ್ಟರ ಕಡೆಯವರು ಫೋನು ಮಾಡಿ, ಬಸುರಿ ಸೊಸೆಯ ಹುಟ್ಟಿದ ವರ್ಷ ಕೇಳಿದ್ದೇ ತಡ, ಇವರು ಕಳ್ಳರೇ ಸೈ ಎಂದು ಕಟ್ ಮಾಡಿದೆ. ಮನೆಗಿರುವುದು ಅದೊಂದೇ ಫೋನು, ಅದೂ ನನ್ನ ಏಪ್ರನ್ನಿನ ಜೇಬಿನಲ್ಲಿ. ಅಲ್ಲಿಗೆ ನಮ್ಮ ಮನೆಯ ಮಟ್ಟಿಗೆ ಆ ಬಾಗಿಲು ಮುಚ್ಚಿತು ಎಂದುಕೊಂಡೆ.

ಲಾಂಡ್ರಿಯಲ್ಲಿ ಚಾದರ ಮಡಿಸಲು ನಿನ್ನ ಹೆಂಡತಿಗೆ ಜೋಡಿಯಾದವಳನ್ನು ನೀನು ನೋಡಿಲ್ಲ. ಬೆಳ್ಳಿಹಲ್ಲು ಎಂದೇ ನಾವು ಕರೆಯುವುದು, ನಕ್ಕರೆ ಒಂದು ಹಲ್ಲು ಮಿಂಚುತ್ತದೆ. ಹೋಟೆಲಿನ ದೊಡ್ಡ ಚಾದರಗಳನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು ಎಳೆದು, ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಅದಕ್ಕೇ ಲಾಂಡ್ರಿಯಲ್ಲಿ ಜೋಡಿಯನ್ನು ಒಂದೇ ಆಳೆಂದು ಬರೆದುಕೊಳ್ಳುತ್ತಾರೆ. ಜೋಡಿಗೆ ಒಂದು ಹಾಜರಿ ಚೀಟಿ, ಒಂದು ಕಪಾಟು. ಇವರಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆದರೂ ದಿನವಿಡೀ ಅದೇನು ನಗುತ್ತಾರೋ! ಬೆಳ್ಳಿಹಲ್ಲಿನ ಊರು ದ್ವೀಪವಂತೆ. ಡಾಕ್ಟರು ದೋಣಿಯಲ್ಲಿ ಬರಬೇಕು, ಗಾಳಿ ಎದ್ದರೆ ಅದೂ ಇಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಫೋನಿನಲ್ಲೇ ನರ್ಸನ್ನು ಕೇಳಿ ಕೇಳಿ ಮಕ್ಕಳನ್ನು ಸಾಕುವುದಂತೆ. ಅವಳಿಗೆ ಈ ಮೆಷಿನ್ನು ಹಲ್ಲುಜ್ಜಿದಷ್ಟು ಸಲೀಸು. ದಿನಾ ಬೆಳಿಗ್ಗೆ ತಾನು ಪಟ್ಟಿ ಸುತ್ತಿಕೊಳ್ಳುವಳು, ಆಮೇಲೆ ಜೋಡಿಗೂ ಸುತ್ತುವಳು, ಎರಡೂ ನಂಬರನ್ನು ತನ್ನ ಫೋನಿನಿಂದ ತನ್ನ ಹೆಸರಿನಲ್ಲೇ ಕಳಿಸಿಬಿಡುವಳು. ಜೋಡಿ ಎಂದರೆ ಒಂದೇ ಆಳು ತಾನೇ! ನಾನು ಇಸ್ತ್ರಿ ಕೋಣೆಯಲ್ಲಿರುವವಳು, ನನಗೆ ಇದರ ಸುಳಿವೂ ಇರಲಿಲ್ಲ.

ಮಂಗಳವಾರ ಬೆಳ್ಳಿಹಲ್ಲು ನಿನ್ನ ಹೆಂಡತಿಯ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದು, ಫೋನನ್ನು ನನ್ನ ಕಿವಿಗೆ ಒತ್ತಿದಳು. ಆ ಕಡೆ ನಮ್ಮ ಭಾಷೆಯ ನರ್ಸು. "ಅಮ್ಮಾ, ಈ ಫೋನಿಂದ ದಿನಾ ಎರಡು ಸಲ ನಂಬರ್ ಬರ್ತಿದೆ, ಒಂದಕ್ಕೊಂದು ತಾಳೆಯಾಗಲ್ಲ. ಮೆಷಿನ್ನೇ ಕೆಟ್ಟಿದೆ ಅಂದ್ಕೊಂಡಿದ್ವಿ. ಇವತ್ತು ಒಂದು ಸರಿಯಾಗಿದೆ, ಇನ್ನೊಂದು ತುಂಬಾ ಮೇಲಿದೆ. ಅದು ನಿಮ್ಮ ಸೊಸೇದಂತೆ. ಫೋನು ಅವರಿಗೆ ಕೊಟ್ಟು ನೀವು ಸ್ವಲ್ಪ ದೂರ ನಿಲ್ಲಿ" ಎಂದಳು. ನಾನು! ದೂರ! ಆದರೂ ಹೋಗಿ ಬಾಗಿಲ ಹತ್ತಿರ ನಿಂತೆ. ಆಗ ಬಾಯಿಬಿಟ್ಟಳು ನೋಡು ನಿನ್ನ ಹೆಂಡತಿ. ವಾರದಿಂದ ತಲೆನೋವು, ಕಣ್ಣು ಮಂಜು, ಮುಖ ಊದಿಕೊಂಡದ್ದು, ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯ ತಪಾಸಣೆಗೆ ಇನ್ನೂ ದಿನವಿದೆ ಎಂದು ಸುಮ್ಮನಿದ್ದಳಂತೆ. ಯಾಕೆ ನನಗೆ ಹೇಳಲಿಲ್ಲ ಎಂದದ್ದಕ್ಕೆ, "ಅತ್ತೇ, ನಾನು ಕೆಮ್ಮಿದ್ರೂ ನೀವು ಬೆಳಗಾಗೋವರೆಗೂ ಎದ್ದು ಕೂತಿರ್ತೀರ. ನಿಮಗೆ ಹ್ಯಾಗೆ ಹೇಳ್ಲಿ?" ಎಂದಳು. ಈಗಲೇ ಆಸ್ಪತ್ರೆಗೆ ಹೊರಡಿ ಎಂದಳು ನರ್ಸು, ನಾನು ಅವಳ ಚಪ್ಪಲಿ ಹುಡುಕಿ ಕಾಲಿಗೆ ಹಾಕಿದೆ.

ಚಾದರದ ಗಂಟುಗಳ ಮಧ್ಯೆ ಅವಳನ್ನು ಮಲಗಿಸಿಕೊಂಡು ಬಟ್ಟೆ ಸಾಗಿಸುವ ವ್ಯಾನಿನಲ್ಲೇ ಹೊರಟೆವು. ದಾರಿಯುದ್ದಕ್ಕೂ ನರ್ಸು ಫೋನು ಇಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಗಾಲಿ ಕುರ್ಚಿ ಹಿಡಿದು ಆಗಲೇ ಕಾಯುತ್ತಿದ್ದರು! ಬುಧವಾರ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಇಷ್ಟೇ ಇಷ್ಟು, ಎರಡು ಅಂಗೈಯಲ್ಲಿ ಹಿಡಿಸುತ್ತಾಳೆ, ಅತ್ತರೆ ಮಾತ್ರ ಆಸ್ಪತ್ರೆಗೆಲ್ಲ ಕೇಳಬೇಕು. ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಏನೋ ಹೇಳಲು ಹೊರಟರು, ನಾನು ಕಿವಿ ಮುಚ್ಚಿಕೊಂಡೆ. ನೀನೂ ಅದನ್ನು ಯೋಚಿಸಬೇಡ. ಬಿ.ಪಿ. ಇಳಿಯುತ್ತಾ ಬಂದಿದೆ, ನಾಳಿದ್ದು ಇಬ್ಬರನ್ನೂ ಮನೆಗೆ ಕಳಿಸುತ್ತಾರಂತೆ.

ಈಗ ಲಾಂಡ್ರಿ ನೋಡಬೇಕು ನೀನು! ಬಿ.ಪಿ. ನೋಡಿಸಿಕೊಳ್ಳಿ ಎಂದು ಮೇಸ್ತ್ರಿ ಗೋಡೆಗೆ ಅಂಟಿಸಿದ್ದ ಬಣ್ಣದ ಚಿತ್ರ ನೋಡಿ ಒಬ್ಬಳೂ ಬಂದಿರಲಿಲ್ಲ, ಈಗ ಕೆಟಲಿನ ಹತ್ತಿರ ಸಾಲು. ಕಲೆ ತೆಗೆಯುವ ಅಜ್ಜಿ ನನ್ನನ್ನು ಕೇಳಿದ್ದು ಒಂದೇ, "ಆ ನರ್ಸು ಮಾತಾಡೋದು ಒರಟಾ?" ಇಲ್ಲ ಎಂದೆ, ಬಂದು ತೋಳು ಚಾಚಿದಳು. ಗುಂಡಿ ಹೊಲಿಯುವವಳ ಗಂಡ ತಾನೇ ಬಂದು ತನಗೂ ಸುತ್ತಿ ಎಂದು ಕೂತ. ಮೇಸ್ತ್ರಿಯ ನಂಬರು ಎಲ್ಲರಿಗಿಂತ ಜಾಸ್ತಿ ಬಂತು, ಇನ್ನು ಅವನು ಯಾರನ್ನು ತೆಗೀತಾನೆ ಹೇಳು! ನನ್ನದೂ ಸ್ವಲ್ಪ ಮೇಲಿದೆಯಂತೆ. ಚಿಂತೆ ಮಾಡುವುದು ಬಿಡಿ ಎಂದಳು ನರ್ಸು. ಅದಾಗದು ತಾಯಿ, ಬೇರೆ ಮಾತ್ರೆ ಇದ್ದರೆ ಹೇಳು ಎಂದೆ.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಸುದ್ದಿ ಹೇಳು, ಏನಾದರೂ ಸಿಹಿ ಮಾಡಿ ಹಂಚು. ನಿನ್ನ ಕಾಲ ಕೆಳಗಿನ ಹಲಗೆ ಜಾರದಿರಲಿ, ಸಮುದ್ರ ತಣ್ಣಗಿರಲಿ, ನನ್ನ ಆಯುಸ್ಸೂ ನಿಮ್ಮ ಮೂವರಿಗೆ ಸೇರಲಿ.

ಇಂತಿ,
ನಿನ್ನ ಅಮ್ಮ, ಈಗ ಅಜ್ಜಿ ಕೂಡ

ಲಕೋಟೆ ಅಂಟಿಸುವ ಮೊದಲು ಇದೊಂದು: ಮನೆಯ ಫೋನನ್ನು ನಿನ್ನ ಹೆಂಡತಿಗೆ ಕೊಟ್ಟುಬಿಟ್ಟೆ. ಇನ್ನೂ ಕೆಲವು ವಾರ ನರ್ಸು ದಿನಾ ಅವಳನ್ನು ವಿಚಾರಿಸಬೇಕಂತೆ. ಅವರ ಮಾತು ಅವರಲ್ಲೇ ಇರಲಿ. ಅವಳು ಮನೆಗೆ ಬಂದ ಮೇಲೆ, ಮಾತಾಡುವಷ್ಟು ಹೊತ್ತು ನಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಕಷ್ಟ, ಆದರೂ ಕೂರುತ್ತೇನೆ. ನೀನು ದಡ ಸೇರಿ ಫೋನು ಮಾಡಿದಾಗ ಅವಳ ದನಿ ಕೇಳಿಸಿದರೆ ಅಮ್ಮನಿಗೇನಾಯಿತೋ ಎಂದು ಹೆದರಬೇಡ. ಅವಳ ಜೊತೆ ಬೇಕಾದಷ್ಟು ಹೊತ್ತು ಮಾತಾಡು. ಆಮೇಲೆ ನನ್ನನ್ನು ಕರೆಯಲು ಹೇಳು.