ಹನ್ನೊಂದೂವರೆ ಮೀಟರ್

ಫೆಬ್ರವರಿ ೩, ಸೋಮವಾರ. ಬೆಳಗ್ಗೆ ೭.೧೦

ಮೊಮ್ಮಗಳನ್ನು ಈಜುಕೊಳಕ್ಕೆ ಬಿಟ್ಟು ಬಂದೆ. ಸಿಗ್ನಲ್ಲಿನಲ್ಲಿ ಮತ್ತೆ ಅದೇ ಕಥೆ. ಬಿಳಿ ಗೆರೆ ದಾಟಿ ನಿಂತಿತು ಕಾರು. ಮೆಕ್ಯಾನಿಕ್ ಎರಡು ಸಲ ಬ್ರೇಕ್ ಪ್ಯಾಡ್ ಬದಲಾಯಿಸಿದ್ದಾನೆ. “ಬ್ರೇಕ್ ಬೆಣ್ಣೆ ಥರ ಇದೆ ಸಾರ್, ಸುಮ್ನೆ ದುಡ್ಡು ದಂಡ ಮಾಡ್ಬೇಡಿ” ಅನ್ನುತ್ತಾನೆ. ಹತ್ತೊಂಬತ್ತು ವರ್ಷದ ಕಾರು, ಹಿಂದಿನ ಸೀಟಿನಲ್ಲಿ ಒಂಬತ್ತು ವರ್ಷದ ಮಗು. ಸಾಕು. ಈ ತಿಂಗಳೊಳಗೆ ಹೊಸದು.

ಹೊಸದು ಅಂದರೆ... ಯಾರು ಓದಬೇಕಾಗಿದೆ, ಬರೆದೇಬಿಡುತ್ತೇನೆ... ಓಡುವಂಥದ್ದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರ್. ಜೀಪಿನ ಹಿಂದೆ ತೂಕದ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ. ನಲವತ್ತರ ಮೇಲೆ ಮುಳ್ಳು ಹೋದದ್ದೇ ಇಲ್ಲ. ಅರವತ್ತಾರಕ್ಕೆ ಈ ಆಸೆ. ಹೆಂಡತಿ ನಕ್ಕಳು. “ಕಡಲೆ ಬಂತಲ್ಲ, ಹಲ್ಲು ಎಣಿಸ್ಕೊಳ್ಳಿ ಮೊದ್ಲು.”

ಫೆಬ್ರವರಿ ೫, ಬುಧವಾರ. ಮಧ್ಯಾಹ್ನ

ಮೂರು ಕಾರು ಕಣದಲ್ಲಿ ಉಳಿದಿವೆ. ಹೆಸರಿಟ್ಟವಳು ಹೆಂಡತಿ, ಇವಳೇ. ಕೆಂಪಗಿರುವುದು ಕೆಂಪಿ. ದೀಪಗಳು ಉಬ್ಬಿದ್ದು ಕಪ್ಪೆ. ಉದ್ದ ಮೂತಿಯ ಕರಿಯದು ವಕೀಲ. “ಅದರ ಬಾಯಿ ನೋಡಿ, ಫೀಸು ಕೇಳೋ ಹಾಗಿದೆ.”

ಕೆಂಪಿ ಹದಿಮೂರು ಲಕ್ಷ, ನೂರ ಮೂವತ್ತು ಕುದುರೆಯ ಎಂಜಿನ್. ಸೊನ್ನೆಯಿಂದ ನೂರಕ್ಕೆ ಒಂಬತ್ತು ಸೆಕೆಂಡ್. ಕಪ್ಪೆ ಒಂದು ಲಕ್ಷ ಹೆಚ್ಚು, ಹತ್ತು ಕುದುರೆ ಕಡಿಮೆ, ತಿರುವಿನಲ್ಲಿ ಅಂಟಿಕೊಂಡು ಹೋಗುತ್ತದಂತೆ. ವಕೀಲನದು ಎಲ್ಲವೂ ಹೆಚ್ಚು, ಬೆಲೆ ಮೊದಲುಗೊಂಡು.

ಕೋಪ ಬಂದದ್ದು ಆಪ್ಷನ್ ಪಟ್ಟಿ ನೋಡಿ. ಹಿಂದೆ ಕೂತವರ ಪಕ್ಕದ ಏರ್‌ಬ್ಯಾಗ್ ಬೇಕೆಂದರೆ ಮೇಲಿನ ದರ್ಜೆಯೇ ಕೊಳ್ಳಬೇಕು. ಅದರ ಜೊತೆ ತಲೆಯ ಮೇಲೆ ಗಾಜಿನ ಕಿಟಕಿ, ಸೀಟಿಗೆ ಕೆಂಪು ಹೊಲಿಗೆ, ಬಾಗಿಲಡಿಯಲ್ಲಿ ನೀಲಿ ದೀಪ. ಕಪ್ಪೆ ಶೋರೂಮಿನ ಹುಡುಗಿಗೆ ಕೇಳಿದೆ, “ನನಗೆ ಆಕಾಶ ಬೇಡ, ಚೀಲ ಮಾತ್ರ ಕೊಡಮ್ಮ.”

“ಅದು ಪ್ಯಾಕೇಜ್ ಸಾರ್. ಬಿಡಿಯಾಗಿ ಬರಲ್ಲ.”

“ಮಗುವಿನ ಜೀವ ಉಳಿಸೋದಕ್ಕೂ ಕಿಟಕಿಗೂ ಏನಮ್ಮ ಸಂಬಂಧ?”

“ಸನ್‌ರೂಫ್‌ನ ಎಲ್ಲರೂ ಕೇಳ್ತಾರೆ ಸಾರ್. ಏರ್‌ಬ್ಯಾಗ್ ಕೇಳಿದವರು ನೀವೇ ಮೊದಲು.”

ನಾನು ಕಾರು ಕಲಿತ ಕಾಲಕ್ಕೆ ಎಡಗಡೆಯ ಕನ್ನಡಿಗೆ ಬೇರೆ ದುಡ್ಡು. ಸೀಟ್ ಬೆಲ್ಟಿಗೆ ಬೇರೆ. ಇವೆಲ್ಲ ಶೋಕಿ ಅಂದಿದ್ದ ಒಬ್ಬ ಡೀಲರ್. ಆಮೇಲೆ ಕಾನೂನು ಬಂತು, ಶೋಕಿ ಕಡ್ಡಾಯವಾಯಿತು. ಇವರು ಯಾವತ್ತೂ ತಾವಾಗಿ ಕೊಟ್ಟವರಲ್ಲ.

ಫೆಬ್ರವರಿ ೧೧, ಮಂಗಳವಾರ. ಸಂಜೆ ೫

ಬ್ರೋಷರಿನಲ್ಲಿ ಓಟದ ಅಂಕಿ ದಪ್ಪ ಅಕ್ಷರದಲ್ಲಿ. ನಿಲ್ಲುವ ಅಂಕಿ ಕೊನೆಯ ಪುಟದಲ್ಲಿ, ಇರುವೆಯ ಸಾಲಿನ ಹಾಗೆ. ನಂಬುವವನಲ್ಲ ನಾನು. ಕೈಯಾರೆ ಅಳೆಯದ್ದಕ್ಕೆ ಎಂದೂ ಮುದ್ರೆ ಒತ್ತಿಲ್ಲ.

ಊರಾಚೆ ಹೊಸ ಬಡಾವಣೆ. ಸೈಟುಗಳಿವೆ, ಮನೆಗಳಿಲ್ಲ. ರಸ್ತೆ ನೇರ. ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಗೆರೆಯ ಪಕ್ಕ ಇವಳು. ಅರವತ್ತರ ವೇಗದಲ್ಲಿ ಬರಬೇಕು. ಮುಂದಿನ ಚಕ್ರ ಗೆರೆ ಮುಟ್ಟಿದ ತಕ್ಷಣ ಇವಳು ಕರ್ಚೀಫ್ ಬಿಡಬೇಕು, ಅದು ಕಂಡಾಗ ನಾನು ಬ್ರೇಕ್ ಒತ್ತಬೇಕು. ಗೆರೆಯಿಂದ ನಿಂತಲ್ಲಿಗೆ ಟೇಪು. ಬ್ರೋಷರಿನ ಅಂಕಿಗೆ, ಆರೋಗ್ಯವಂತ ಚಾಲಕನ ಕಣ್ಣಿಂದ ಕಾಲಿಗೆ ಸುದ್ದಿ ಹೋಗುವ ಹೊತ್ತಿನಲ್ಲಿ ಕಾರು ಓಡುತ್ತದೆಂದು ಪುಸ್ತಕ ಹೇಳುವ ಹನ್ನೆರಡೂವರೆ ಮೀಟರ್ ಕೂಡಿಸಿದ್ದೇನೆ. ಅನ್ಯಾಯ ಮಾಡಬಾರದಲ್ಲ.

ಇವತ್ತು ಕೆಂಪಿ. ಪಕ್ಕದಲ್ಲಿ ಕೂತ ಸೇಲ್ಸ್‌ನವನ ಮುಖ ಬಿಳುಚಿತ್ತು. “ಅಂಕಲ್, ಟೆಸ್ಟ್ ಡ್ರೈವ್ ಅಂದ್ರೆ ಹಾಡು ಕೇಳ್ಕೊಂಡು ಒಂದು ರೌಂಡ್ ಹೋಗ್ಬರೋದು...”

ಮೂರು ಸಲ ಅಳೆದೆ, ಸರಾಸರಿ ತೆಗೆದೆ. ಇಪ್ಪತ್ತೆಂಟು ಮೀಟರಿಗೆ ನಿಲ್ಲಬೇಕಿತ್ತು. ನಿಂತದ್ದು ಮೂವತ್ತೊಂಬತ್ತೂವರೆಗೆ.

ಕಳ್ಳರು.

ಫೆಬ್ರವರಿ ೧೪, ಶುಕ್ರವಾರ

ನಿನ್ನೆ ಕಪ್ಪೆ, ಇವತ್ತು ವಕೀಲ. ಕಪ್ಪೆ ಇಪ್ಪತ್ತೊಂಬತ್ತೂವರೆಗೆ ನಿಲ್ಲಬೇಕಾದದ್ದು ನಲವತ್ತೊಂದಕ್ಕೆ. ವಕೀಲ ಮೂವತ್ತೊಂದಕ್ಕೆ ಬದಲು ನಲವತ್ತೆರಡೂವರೆಗೆ. ಮೂವರೂ ಒಂದೇ ಬಳ್ಳಿಯ ಕಾಯಿ.

ಮೂರು ಕಂಪನಿಗೂ ಬರೆದೆ. ಒಂದು ಪ್ರತಿ ಪತ್ರಿಕೆಗೆ. ‘ಅಕ್ಕಿ ಮಾರುವವನು ಐವತ್ತು ಗ್ರಾಂ ಕಡಿಮೆ ತೂಗಿದರೆ ದಂಡ ಹಾಕುತ್ತಿದ್ದೆವು. ಹನ್ನೊಂದು ಮೀಟರ್ ರಸ್ತೆಯನ್ನೇ ನುಂಗಿದವನಿಗೆ ಯಾವ ದಂಡ?’ ಓದಿ ಹೇಳಿದೆ. ಇವಳು ಬಟ್ಟೆ ಮಡಚುತ್ತಿದ್ದಳು.

“ಎರಡು ದಿನ ಬಿಟ್ಟು ಕಳಿಸಿ.”

“ಯಾಕೆ?”

“ಯಾಕೂ ಇಲ್ಲ. ಕೋಪದ ಕಾಗದ ತಣ್ಣಗಾದ ಮೇಲೆ ಅಂಟಿಸ್ಬೇಕು ಅಂತ.”

ಸಂಜೆಯೇ ಅಂಚೆಗೆ ಹಾಕಿದೆ.

ಫೆಬ್ರವರಿ ೧೬, ಭಾನುವಾರ. ಬೆಳಗ್ಗೆ ೧೧

ಅಂಕಿಗಳನ್ನು ಚೊಕ್ಕ ಹಾಳೆಗೆ ಇಳಿಸುತ್ತಿದ್ದೆ. ಕೊನೆಯ ಕಾಲಮ್ಮು: ಹೆಚ್ಚುವರಿ. ಹನ್ನೊಂದೂವರೆ. ಹನ್ನೊಂದೂವರೆ. ಹನ್ನೊಂದೂವರೆ.

ಪೆನ್ನು ಕೆಳಗಿಟ್ಟೆ.

ಫೆಬ್ರವರಿ ೧೯, ಬುಧವಾರ

ಬರೆಯಬೇಕು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದೇ ಬೀದಿಯ ಮೂರು ದಿನಸಿ ಅಂಗಡಿ. ಮೂರು ತಕ್ಕಡಿಯೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು ತಪ್ಪು. ಮೂವರೂ ಸೇರಿ ಜನಕ್ಕೆ ಮೋಸ ಮಾಡುತ್ತಿದ್ದಾರೆಂದು ಮೂರನ್ನೂ ಹೊತ್ತುಕೊಂಡು ಬಂದೆ. ಎದೆ ಉಬ್ಬಿತ್ತು. ಮೇಲಧಿಕಾರಿ ವರದಿ ಓದಿ ಒಂದು ಮಾತೂ ಬೈಯಲಿಲ್ಲ. “ಮೂರು ತಕ್ಕಡಿ ಮೂರು ಥರ ತಪ್ಪಬೇಕಪ್ಪ. ಒಂದೇ ಥರ ತಪ್ಪಿದ್ರೆ ನಿನ್ನ ಪೆಟ್ಟಿಗೆ ತೆಗೆದು ನೋಡು” ಅಂದರು. ನೋಡಿದರೆ ನನ್ನ ಎರಡು ಕಿಲೋ ಬಟ್ಟೇ ಸವೆದಿತ್ತು. ತಕ್ಕಡಿ ವಾಪಸ್ ಕೊಟ್ಟೆ. ಕ್ಷಮೆ ಕೇಳಲಿಲ್ಲ. ಇಲಾಖೆಯಲ್ಲಿ ಆ ಪದ್ಧತಿ ಇರಲಿಲ್ಲ.

ಈಗ ಮೂರು ಕಾರು, ಮೂರು ಕಾರ್ಖಾನೆ. ಒಂದೇ ಹನ್ನೊಂದೂವರೆ. ಮೂರರಲ್ಲೂ ಇದ್ದದ್ದು ಎರಡೇ: ಇವಳ ಕೈ, ನನ್ನ ಕಾಲು.

ಇವಳ ಕೈಯೇ ಇರಬಹುದು. ಅರವತ್ತೆರಡು ವಯಸ್ಸು. ಕರ್ಚೀಫು ತಡವಾಗಿ ಬಿಟ್ಟಿರಬಹುದು. ಮೂರು ದಿನದಿಂದ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಒಂದು ಕರೆಯನ್ನೂ ತಪ್ಪಿ ಜೋಡಿಸದವಳ ಕೈ.

ಬೆಳಗ್ಗೆ ಈಜುಕೊಳಕ್ಕೆ ಇಪ್ಪತ್ತರ ವೇಗದಲ್ಲಿ ಹೋದೆ. ಹಿಂದಿನಿಂದ ಮಗು, “ತಾತ, ಹಾಲಿನ ಸೈಕಲ್ ನಮ್ಮನ್ನ ಓವರ್‌ಟೇಕ್ ಮಾಡ್ತು!” ನಕ್ಕೆ. ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡೆ.

ಫೆಬ್ರವರಿ ೨೧, ಶುಕ್ರವಾರ. ಮಧ್ಯಾಹ್ನ ೧

ಮತ್ತೆ ಬಡಾವಣೆಯ ರಸ್ತೆ. ಕಪ್ಪೆ. ಗೆರೆಯ ಪಕ್ಕ ಇವಳೇ. ಈ ಸಲ ಶೋರೂಮಿನ ಹುಡುಗಿಗೆ, “ನೀನೇ ಓಡಿಸಮ್ಮ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ” ಅಂದೆ.

ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತೂವರೆ. ಇಪ್ಪತ್ತೊಂಬತ್ತು.

“ನೋಡಿ ಸಾರ್! ಹೇಳಿರ್ಲಿಲ್ವಾ? ಸೂಪರ್ ಬ್ರೇಕ್!” ಹುಡುಗಿಗೆ ಖುಷಿಯೋ ಖುಷಿ. ಟೇಪು ರಸ್ತೆಯ ಮೇಲೇ ಬಿಟ್ಟು ಕಾರಿನ ಕಡೆ ನಡೆದೆ. ಇವಳು ಬಂದು ಸುತ್ತಿಕೊಂಡಳು. ಸಂಖ್ಯೆ ಎಷ್ಟೆಂದು ಕೇಳಲೇ ಇಲ್ಲ. ಮನೆವರೆಗೂ ಕಿಟಕಿಯಾಚೆ ನೋಡಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೂರು ನೆಲದ ಮೇಲೆ ಲಿಖಿತ ದೂರು ಕೊಟ್ಟವನು.

ಅದೇ ದಿನ, ಸಂಜೆ ೪

ದಾರಿ ಇದೆ! ಕಪ್ಪೆಯ ಮೇಲಿನ ದರ್ಜೆಯಲ್ಲಿ ಆಟೋ ಬ್ರೇಕ್. ಮುಂದೆ ಏನಾದರೂ ಬಂದರೆ ಕಾರು ತಾನೇ ನಿಲ್ಲುತ್ತದಂತೆ. ನನಗೆ ಬೇಕಾಗಿರುವ ಹನ್ನೊಂದೂವರೆ ಮೀಟರ್ ಅಂದರೆ ಮುಕ್ಕಾಲು ಸೆಕೆಂಡ್ ಕೂಡ ಅಲ್ಲ. ಅಷ್ಟನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಇಷ್ಟು ದಿನ ಕುದುರೆ ಎಣಿಸಿದೆ, ಮೂರ್ಖ. ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ.

ಫೆಬ್ರವರಿ ೨೨, ಶನಿವಾರ

ಕೈಪಿಡಿ ತರಿಸಿ ಓದಿದೆ. ಮುನ್ನೂರ ಹತ್ತನೆಯ ಪುಟ. ಮಳೆಯಲ್ಲಿ ಕೆಲಸ ಮಾಡದಿರಬಹುದು. ಎದುರು ಬಿಸಿಲಿದ್ದರೆ ಮಾಡದಿರಬಹುದು. ಪಕ್ಕದಿಂದ ಥಟ್ಟನೆ ಅಡ್ಡ ಬರುವವರನ್ನು ಗುರುತಿಸದಿರಬಹುದು. ‘ಚಾಲಕನ ಎಚ್ಚರಕ್ಕೆ ಇದು ಪರ್ಯಾಯವಲ್ಲ.’ ಬೆಳಗಿನ ಬಿಸಿಲು ಈಜುಕೊಳದ ರಸ್ತೆಯಲ್ಲಿ ನೇರ ಕಣ್ಣಿಗೇ ಹೊಡೆಯುತ್ತದೆ. ಅಲ್ಲಿ ಮಕ್ಕಳು ಅಡ್ಡ ಓಡದ ದಿನವಿಲ್ಲ.

ಪತ್ರಿಕೆಯವರು ನನ್ನ ಕಾಗದ ಇವತ್ತೇ ಹಾಕಿದ್ದಾರೆ. ಮೇಲೆ ತಲೆಬರಹ: ‘ಬ್ರೇಕಿನಲ್ಲಿ ಹಗಲುದರೋಡೆ’. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಗೇಟಿನಾಚೆಯಿಂದ, “ಭೇಷ್! ನಿಮ್ಮಂಥೋರು ಊರಿಗೊಬ್ರು ಇರ್ಬೇಕು ಸ್ವಾಮಿ!” ಅಂದರು. ಕೈ ಮುಗಿದು ಒಳಗೆ ಬಂದೆ.

ತಿದ್ದುಪಡಿ ಬರೆದೆ. ಮೂರು ಕಂಪನಿಗೆ, ಒಂದು ಪತ್ರಿಕೆಗೆ. ‘ದೋಷ ಕಾರುಗಳದ್ದಲ್ಲ. ಅಳೆದವನದ್ದು. ಕ್ಷಮೆ ಇರಲಿ.’ ಮೂರೇ ಸಾಲು. ಇದಕ್ಕೆ ತಲೆಬರಹ ಕೊಡುವುದಿಲ್ಲ ಅವರು, ಗೊತ್ತು.

ಅದನ್ನು ಇವಳಿಗೆ ಓದಿ ಹೇಳಿದೆ. ಹೂಂ ಅಂದು ಮಡಚಿ ಲಕೋಟೆಗೆ ಹಾಕಿದಳು.

“ನಿನಗೆ ಗೊತ್ತಿತ್ತಾ?”

“ಮೊದಲ ದಿನವೇ ರೀ. ಕರ್ಚೀಫು ನೆಲ ಮುಟ್ಟಿದ ಮೇಲೆ ನಿಮ್ಮ ಬ್ರೇಕ್ ದೀಪ ಹತ್ತಿತು.”

“ಹೇಳಬಾರದಿತ್ತಾ?”

“ಯಾರು ಹೇಳಿದ್ದನ್ನ ನಂಬಿದೀರಿ ನೀವು ಜನ್ಮದಲ್ಲಿ? ನೀವೇ ಅಳೀಲಿ ಅಂತ ಬಿಟ್ಟೆ.” ಆಮೇಲೆ ದನಿ ಇಳಿಯಿತು. “ಹನ್ನೊಂದು ದಿನ ಆಯ್ತು. ದಿನಾ ಬೆಳಗ್ಗೆ ನೀವಿಬ್ರು ವಾಪಸ್ ಬರೋವರೆಗೂ ಗೇಟಲ್ಲೇ ನಿಂತಿರ್ತೀನಿ.”

ಫೆಬ್ರವರಿ ೨೩, ಭಾನುವಾರ. ಸಂಜೆ ೬

ಮಹಡಿ ಮೇಲೆ ಹೋಗಿ ಮಗಳಿಗೆ ಹೇಳಿದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಬೆಳಗಿನ ಐದರ ಶಿಫ್ಟು. ಅದಕ್ಕೇ ಮಗುವಿನ ಸವಾರಿ ನನ್ನ ಪಾಲಿಗೆ. ಅಂಕಿಗಳ ಹಾಳೆ ಮುಂದಿಟ್ಟೆ. ಅವಳು ಹಾಳೆ ನೋಡಲಿಲ್ಲ, ನನ್ನ ಕಾಲು ನೋಡಿದಳು.

“ನರದ ಡಾಕ್ಟರ್ ಹತ್ರ ಮಂಗಳವಾರವೇ ಹೋಗೋಣ ಅಪ್ಪ. ಬೇಡ ಅನ್ನಂಗಿಲ್ಲ.”

“ಆಗಲಿ.”

“ಹಾಗಾದ್ರೆ ಕಾರು...”

“ಬೇಕು. ಕಪ್ಪೆ, ಮೇಲಿನ ದರ್ಜೆ. ಹಿಂದಿನ ಸೀಟಿಗೆ ಪಕ್ಕದ ಚೀಲ ಇದೆ. ಆಕಾಶದ ಕಿಟಕಿಗೂ ದುಡ್ಡು ಕೊಡ್ತೀನಿ, ಹಲ್ಲು ಕಚ್ಕೊಂಡು. ಓಡಿಸೋಳು ನೀನು.”

ನಕ್ಕಳು. ಕಣ್ಣು ಒರೆಸಿಕೊಂಡಳು. “ಶಿಫ್ಟ್ ಬದಲಾಯಿಸ್ಕೊಳ್ತೀನಿ. ಮಂಗಳವಾರದಿಂದ ಆಗುತ್ತೆ.” ಹಾಳೆ ಮಡಚಿಡುತ್ತಾ, “ನಾಳೆ ಸ್ಪರ್ಧೆಗೆ ಸೆಲೆಕ್ಷನ್ ಅಪ್ಪ. ಎರಡು ತಿಂಗಳಿಂದ ಕಾಯ್ತಿದೆ ಮಗು. ಅಷ್ಟು ಬೆಳಗ್ಗೆ ಬಾಡಿಗೆ ಗಾಡಿ ಬರ್ತೀನಿ ಅಂದು ಬರಲ್ಲ. ನಾಳೆ ಒಂದಿನ ಮಾತ್ರ... ನಿಧಾನಕ್ಕೆ ಕರ್ಕೊಂಡು ಹೋಗ್ತೀಯಾ?”

ಒಂದಿನ ಬಿಡಿ ಸಾರ್. ಮೂವತ್ತಮೂರು ವರ್ಷ ಅಂಗಡಿ ಅಂಗಡಿಯಲ್ಲಿ ಕೇಳಿದ ಮಾತು. ಒಬ್ಬರನ್ನೂ ಬಿಟ್ಟಿಲ್ಲ. ಇದೇ ನಮ್ಮ ಊಟ ಎಂದು ಹಬೆಯಾಡುವ ಗಂಜಿ ಬಟ್ಟಲು ಮುಂದಿಟ್ಟು ಅತ್ತವರನ್ನೂ ಬಿಟ್ಟಿಲ್ಲ. ಈಗ ಕೇಳುತ್ತಿರುವುದು ನನ್ನ ಮಗಳು. ನಿಧಾನಕ್ಕೆ ಹೋದರೆ ಏನೂ ಆಗುವುದಿಲ್ಲ. ಇಷ್ಟು ದಿನ ಏನಾಯಿತು?

“ನೋಡೋಣ” ಅಂದು ಇಳಿದು ಬಂದೆ. ನಾನು ಹೂಂ ಅಂದೆನೆಂದೇ ಅವಳು ತಿಳಿದಿರುತ್ತಾಳೆ.

ಫೆಬ್ರವರಿ ೨೪, ಸೋಮವಾರ. ಬೆಳಗ್ಗೆ ೪.೪೦

ಮಗಳು ಹೊರಟಳು. ಕೊಳಕ್ಕೆ ಮೂರೂವರೆ ಕಿಲೋಮೀಟರ್. ಆರಕ್ಕೆ ಹಾಜರಿ. ಮಗುವಿನ ಹೆಜ್ಜೆಗೆ ಐವತ್ತು ನಿಮಿಷ, ಇನ್ನೊಂದು ಹತ್ತು ಹೆಚ್ಚಿಗೆ ಇರಲಿ.

ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಗಡಿಯಾರ ನೋಡಿ ಮುಖ ಗಂಟಿಕ್ಕಿತು.

“ಇಷ್ಟು ಬೇಗ ಯಾಕೆ ತಾತ?”

“ನಡ್ಕೊಂಡು ಹೋಗೋಣ.”

“ಕಾರ್ ಕೆಟ್ಟೋಯ್ತಾ?”

“ಇಲ್ಲ. ಕಾರು ಚೆನ್ನಾಗಿದೆ.”

“ಮತ್ತೆ?”

ಶೂ ಹಾಕಿಕೋ ಅಂದಿದ್ದೇನೆ. ಅಜ್ಜಿ ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತಿದ್ದಾಳೆ, ತಾನೂ ಬರುತ್ತಾಳಂತೆ. ದಾರಿಯಲ್ಲಿ ಹೇಳಬೇಕು. ಒಂಬತ್ತು ವರ್ಷದವಳಿಗೆ ಯಾವ ಮಾತಿನಿಂದ ಶುರು ಮಾಡುವುದೋ... ಲೇಸು ಕಟ್ಟಿ ಆಯಿತು, ಕರೆಯುತ್ತಿದ್ದಾಳೆ. ಮೊದಲು...