ಮೂಗಿಗೆ ಊದಿದ ಉಸಿರು

ಅಮ್ಮಾಪೇಟೆ, ಸೇಲಂ
11-2-2025

ಮಗಳೇ ಕಲೈವಾಣಿ,

ಮೊದಲ ಸಾಲಿನಲ್ಲಿ ಆಶೀರ್ವಾದ ಬರೆಯುವುದು ವಾಡಿಕೆ. ನನ್ನ ಆಶೀರ್ವಾದ ನಿನಗೆ ಬೇಕೋ ಬೇಡವೋ, ಇದನ್ನು ಓದಿದ ಮೇಲೆ ನೀನೇ ತೀರ್ಮಾನಿಸು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಕೊಂಡು ಮಾತಾಡುವವಳು, ಪಾಲಕೋಡಿನ ಆ ಮನೆಯಲ್ಲಿ ಗೋಡೆಗೂ ಕಿವಿ. ಅಲ್ಲಿ ಕನ್ನಡ ಅಕ್ಷರ ಬರುವುದು ನಿನ್ನೊಬ್ಬಳಿಗೇ. ಹೊಸೂರಿನ ಶಾಲೆಯಲ್ಲಿ ನಾನು ಕಲಿತದ್ದನ್ನು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ನಿನಗೆ ಕಲಿಸಿದ್ದೆ. ಅದು ಇಂಥ ಕೆಲಸಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಭಾನುವಾರ ಅಳಿಯಂದಿರು ಫೋನ್ ಮಾಡಿದ್ದರು. ನಿನಗೆ ಏಳು ತಿಂಗಳು ತುಂಬಿತಂತೆ. ನಾಯಿಕೆಮ್ಮಿನ ಸೂಜಿ ಹಾಕಿಸಿಕೋ ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟು ಎರಡು ವಾರವಾಯಿತಂತೆ. "ಊಸಿ ಬೇಡ ಅಂತ ಕುಂತವ್ಳೆ ಅತ್ತೆ. ನನ್ ಒಟ್ಟೆಯಾಗೇ ದೋಷ ಐತೆ, ಊಸಿ ಏನ್ ಮಾಡ್ತದೆ, ಎಲ್ಲಾ ತಲೆವಿಧಿ ಅಂತಾಳೆ. ನೀವಾದ್ರೂ ಒಂದ್ ಮಾತು ಏಳಿ" ಎಂದರು. ಗೋಪಿನಾಥ್ ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ನಾನು ಆಗಲಿ ಎಂದು ಫೋನ್ ಇಟ್ಟೆ. ಮೂರು ದಿನದಿಂದ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಕುಳಿತಿದ್ದೇನೆ.

ನಿನ್ನ ಹೊಟ್ಟೆಯಲ್ಲಿ ದೋಷವಿದೆ ಎಂದು ಮೊದಲು ಹೇಳಿದವಳು ನಿಮ್ಮತ್ತೆಯಲ್ಲ. ನಾನು. ನಿನ್ನ ಮೊದಲ ಪಾಪು ತೀರಿಹೋದಾಗ ಮಾತಾಡಿಸಲು ಬಂದವರೆಲ್ಲ ಏನಾಯಿತು, ಹೇಗಾಯಿತು ಎಂದು ಕೇಳುತ್ತಿದ್ದರು. ಹುಟ್ಟುವಾಗಲೇ ಉಸಿರು ಸರಿಯಿರಲಿಲ್ಲ, ತಾಯಿಗೆ ರಕ್ತ ಸಾಲದು ಎಂದುಬಿಟ್ಟೆ. ಆ ಮಾತು ಪಾಲಕೋಡಿಗೆ ಬಸ್ಸು ಹತ್ತಿತು. ಎರಡು ವರ್ಷದಿಂದ ನಿಮ್ಮತ್ತೆ ಅದನ್ನೇ ನಿನಗೆ ಅನ್ನದ ಜೊತೆ ಬಡಿಸುತ್ತಿದ್ದಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ, ಅಡುಗೆ ನನ್ನದೇ.

ಪಾಪು ಗಟ್ಟಿಯಾಗಿ ಹುಟ್ಟಿದ್ದಳು. ಅವಳು ಹೋದ ದಿನ ಆಸ್ಪತ್ರೆಯಲ್ಲಿ ನೀನು ಪ್ರಜ್ಞೆಯಿಲ್ಲದವಳ ಹಾಗೆ ಬಿದ್ದಿದ್ದೆ, ಅಳಿಯಂದಿರು ಇನ್ನೂ ಮಿಲ್ಲಿನಿಂದ ಬಂದಿರಲಿಲ್ಲ. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ಇದು ನಾಯಿಕೆಮ್ಮು, ಇಷ್ಟು ಚಿಕ್ಕ ಮಕ್ಕಳಿಗೆ ಕೆಮ್ಮಲೂ ಬರುವುದಿಲ್ಲ, ಉಸಿರೇ ನಿಂತುಹೋಗುತ್ತದೆ, ಮನೆಯ ದೊಡ್ಡವರಿಂದಲೇ ಬಂದಿರಬೇಕು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆಗಲೂ ನಿನಗೆ ಇದೇ ಸೂಜಿ ಬರೆದಿದ್ದರು, ನೆನಪಿದೆಯೇ? ಬಳೆ ಶಾಸ್ತ್ರ ಮುಗಿಸಿ ನಿನ್ನನ್ನು ಇಲ್ಲಿಗೆ ಕರೆತಂದಿದ್ದೆ. ಬಳೆ ತೊಟ್ಟ ಕೈಗೆ ಹೆರಿಗೆಯವರೆಗೆ ಸೂಜಿ ಚುಚ್ಚಿಸಬಾರದು, ನಮ್ಮಲ್ಲಿ ಆಗಿಬರುವುದಿಲ್ಲ ಎಂದೆ. ಅಂಥ ಶಾಸ್ತ್ರ ಯಾರ ಮನೆಯಲ್ಲೂ ಇಲ್ಲ ಕಲೈ. ನಿಂತ ನಿಲುವಿನಲ್ಲಿ ನಾನೇ ಕಟ್ಟಿದ್ದು. ಸರ್ಕಾರಿ ತಾಯಿ ಕಾರ್ಡಿನಲ್ಲಿ ಎರಡು ಸೂಜಿ ಬಿದ್ದಾಗಿತ್ತು, ಮೂರನೆಯದು ಡಾಕ್ಟರ ಹೊಟ್ಟೆಪಾಡು ಅಂದುಕೊಂಡೆ. ಮೂರು ಹೆತ್ತವಳು ನಾನು, ನನಗೆ ಹೇಳಿಕೊಡಲು ಅವಳ್ಯಾರು ಎಂಬ ಸೊಕ್ಕು.

ಮೊನ್ನೆ ನಮ್ಮ ಬೀದಿಯ ನರ್ಸ್ ಮೇನಕಾಳನ್ನು ಕೇಳಿದೆ. "ಅದು ಬೇರೆ, ಇದು ಬೇರೆ ಅಕ್ಕ. ಕಾರ್ಡ್‌ನಾಗೆ ಇರಾದು ದನುರ್ವಾಯುಗೂ ಗಂಟಲಮಾರಿಗೂ. ನಾಯಿಕೆಮ್ಮು ಅದ್ರಾಗೆ ಇಲ್ಲ" ಎಂದಳು. ಮಗುವಿಗೆ ಮೊದಲ ಸೂಜಿ ಬೀಳಲು ಒಂದೂವರೆ ತಿಂಗಳು ಕಾಯಬೇಕು. ಏಳು ಎಂಟನೇ ತಿಂಗಳಲ್ಲಿ ತಾಯಿ ಹಾಕಿಸಿಕೊಂಡರೆ ಅದರ ಕಾವಲು ಹೊಟ್ಟೆಯಲ್ಲೇ ಮಗುವಿಗೆ ಸೇರಿ, ಅಲ್ಲಿಯತನಕ ಕಾಯುತ್ತದಂತೆ. ಪ್ರತಿ ಬಸಿರಿನಲ್ಲೂ ಹೊಸದಾಗಿ ಹಾಕಿಸಬೇಕಂತೆ. ನಮ್ಮ ಪಾಪು ಹೋದದ್ದು ಮೂವತ್ತಾರನೇ ದಿನ. ಲೆಕ್ಕ ನೀನೇ ಹಾಕಿಕೋ, ನಾನು ಹಾಕಿ ಹಾಕಿ ಸಾಕಾಗಿದೆ.

ಇನ್ನು ಕೆಮ್ಮಿನ ಮಾತು. ಮಗ್ಗದ ಮನೆಗಳಲ್ಲಿ ಕೆಮ್ಮು ನೆಂಟನಲ್ಲ, ಮನೆಯವನೇ. ನೂಲಿನ ದೂಳು ಎದೆಯಲ್ಲಿ ಕೂತಿದೆ ಎಂದು ಶುಂಠಿ ಕಷಾಯ ಕುಡಿದು ಸುಮ್ಮನಿರುತ್ತೇವೆ. ನನ್ನದೂ ಅದೇ ಎಂದುಕೊಂಡಿದ್ದೆ. ದಿನಾ ಬೆಳಗ್ಗೆ ಕಾಲು ಚಾಚಿ, ಪಾಪುವನ್ನು ಅದರ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದೆ. ಆಮೇಲೆ ನೀರು ನಿಲ್ಲದಿರಲಿ ಎಂದು ಕಿವಿಗೊಮ್ಮೆ, ಮೂಗಿಗೊಮ್ಮೆ ಬಾಯಿಟ್ಟು ಊದುತ್ತಿದ್ದೆ. ನನ್ನ ಅಮ್ಮ ನಿಮಗೆಲ್ಲ ಹಾಗೇ ಊದಿದ್ದಳು. ನೀನು ಬಾಗಿಲಲ್ಲಿ ಒರಗಿ ನಗುತ್ತಾ ನೋಡುತ್ತಿದ್ದೆ. ನೀನು ಹೆತ್ತ ಮಗುವಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ನನ್ನ ಉಸಿರಿನಲ್ಲಿತ್ತು, ಅದನ್ನು ನಾನೇ ಊದಿ ಪಾಪುವಿನೊಳಗೆ ಕಳಿಸಿದೆ.

ಈಗ ನನ್ನ ಮೇಲಿನ ಸಿಟ್ಟಿಗಾದರೂ ಎದ್ದು ಹೋಗಿ ಆ ಸೂಜಿ ಹಾಕಿಸಿಕೋ. ಎಂಟು ಕಳೆಯಲು ಬಿಡಬೇಡ. ತಲೆವಿಧಿ ಎನ್ನಬೇಡ. ಅಂದು ಬರೆದದ್ದು ವಿಧಿಯಲ್ಲ, ನಿನ್ನ ಅಮ್ಮ.

ಬಳೆ ಶಾಸ್ತ್ರಕ್ಕೆ ನಾನು ಬರುವುದಿಲ್ಲ. ಹೆರಿಗೆಗೂ ಇಲ್ಲಿಗೆ ಬರಬೇಡ. ನೀರೆರೆಯುವುದನ್ನು ನಿಮ್ಮತ್ತೆಯೇ ಮಾಡಲಿ, ಅವರ ಕೈ ನನ್ನ ಕೈಗಿಂತ ಮೆತ್ತಗೆ. ಊದಬಾರದು ಎಂದು ಮಾತ್ರ ಖಂಡಿತವಾಗಿ ಹೇಳು. ಕೆಮ್ಮುವವರು ಯಾರೇ ಆಗಲಿ, ದೇವರ ಪ್ರಸಾದ ಹಿಡಿದು ಬಂದರೂ ಹೊಸ್ತಿಲ ಆಚೆಯೇ ನಿಲ್ಲಿಸು. ನಾನು ಬಂದರೂ ನಿಲ್ಲಿಸು.

ಓದಿ ಮುಗಿದ ಮೇಲೂ ಬೇಕೆನಿಸಿದರೆ, ಇಗೋ, ಆಶೀರ್ವಾದ.

ನಿನ್ನನ್ನು ಹೆತ್ತವಳು,
ಮುನಿರತ್ನಮ್ಮ

ತಾ.ಕ.: ಕಾಗದ ಮಡಿಸಿ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ದೂಳಿನ ಕೆಮ್ಮು ಎಂದುಕೊಂಡಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಪಾಪುವಿನ ಇಪ್ಪತ್ತನೇ ದಿನ, ತರಕಾರಿಗೆ ಹೋಗುತ್ತೇನೆಂದು ಹೇಳಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆ. ಇದು ದೂಳಿನದಲ್ಲ, ದಿನಕ್ಕೊಂದರಂತೆ ಐದು ದಿನ ಮಾತ್ರೆ ನುಂಗು, ಮುಗಿಯುವತನಕ ಮಗುವಿನ ಹತ್ತಿರ ಸುಳಿಯಬೇಡ ಎಂದಿದ್ದರು. ನಾನು ದೂರ ಕುಳಿತರೆ ನೀರೆರೆಯಲು ನಿಮ್ಮತ್ತೆಯನ್ನು ಕರೆಸುತ್ತಿದ್ದಿರಿ. ಅವರು ಬಂದು ನನ್ನ ಬಚ್ಚಲಲ್ಲಿ ಕಾಲು ಚಾಚಿ ಕೂರುವುದು ನನಗೆ ಬೇಡವಾಗಿತ್ತು. ನಿನ್ನ ಕಣ್ಣಿಗೆ ಬೀಳದಿರಲಿ ಎಂದು ಮಾತ್ರೆಗಳನ್ನು ಕಂಡಿಕೆ ಡಬ್ಬದಲ್ಲಿ ಇಟ್ಟೆ. ಎರಡು ನುಂಗಿದೆ. ಮೂರು ಈಗಲೂ ಅಲ್ಲೇ ಇವೆ.